ನೀಮಾಳ ಪೇಪರಿಗೆ ಎರಡು ಓಕೆ

‘ಈ ವಾಕ್ಯ ನೀಮಾಳದ್ದಲ್ಲ. ಯಾರು ಬರೆದುಕೊಟ್ಟದ್ದು?’

ಅಕ್ಷಯ ನನ್ನ ಜೊತೆ ಆಡಿದ ಮೊದಲ ಮಾತು ಇದು. ಆಡಿದ್ದು ಕೂಡ ಅಲ್ಲ, ನೀಮಾಳ ಪೇಪರಿನ ಅಂಚಿನಲ್ಲಿ ಕಮೆಂಟ್ ಹಾಕಿದ್ದು. ಕಾಂದಿವಲಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಕೂತು ಅದನ್ನು ಓದಿದಾಗ ಮೈಯೆಲ್ಲ ಉರಿದುಹೋಯಿತು. ಆ ವಾಕ್ಯ ತಿದ್ದಿದವಳು ನಾನು. ತಿದ್ದುವುದು ನನ್ನ ಕೆಲಸ. ಬರೆದುಕೊಡುವುದು ನಮ್ಮ ಕಸುಬಿನಲ್ಲಿ ಕಳ್ಳತನ. ಮುಖ ಕೂಡ ನೋಡದ ಒಬ್ಬ ಮನುಷ್ಯ ನನ್ನನ್ನು ಕಳ್ಳಿ ಅಂದಿದ್ದ!

“ಯಾರ ಮ್ಯಾಲ ಹಲ್ಲ ಕಡಿಯಾಕತ್ತೀ?” ಒಳಗಿನಿಂದ ಅವ್ವ ಕೇಳಿದಳು.

“ಯಾರೋ ಅಕ್ಷಯ ಅಂತ. ಹೊಸಾ ಟ್ಯೂಟರ್. ಶನಿವಾರ ಹೋಗಿ ನೋಡ್ತೀನಿ ಅವನ್ನ.”

“ನೋಡು ನೋಡು. ಲಗ್ನಕ್ಕ ಅಂದ್ರ ಯಾರನ್ನೂ ನೋಡಾಕ ಒಲ್ಲೆ ಅಂತೀ. ಜಗಳಕ್ಕಾದ್ರೂ ಒಬ್ಬನ್ನ ನೋಡು.”

ಅವ್ವನ ಬಾಯಿ ಹಾಗೆಯೇ. ವಿಜಯಪುರದಿಂದ ಬಂದು ಮೂವತ್ತು ವರ್ಷವಾದರೂ ಆ ಬಾಯಿಗೆ ಮುಂಬೈ ನೀರು ಹತ್ತಿಲ್ಲ.

ವಿಕ್ರೋಳಿ ಸ್ಟೇಷನ್ ಹತ್ತಿರದ ಹಳೆಯ ಬಿಲ್ಡಿಂಗೊಂದರ ಎರಡನೇ ಮಾಳಿಗೆಯಲ್ಲಿ ಶೀಲಾವತಿ ಮೇಡಂ ಅವರ ಸೆಂಟರ್ ಇದೆ. ಹೊರದೇಶಗಳಿಂದ ಮುಂಬೈಗೆ ಓದಲು ಬಂದವರಿಗೆ ಅಲ್ಲಿ ನಾವು ರಿಸರ್ಚ್ ಪೇಪರ್ ಬರೆಯುವುದನ್ನು ಕಲಿಸುತ್ತೇವೆ. ಮೇಡಂ ಅವರದು ಒಂದೇ ಕಟ್ಟುನಿಟ್ಟು. ಒಂದು ಪೇಪರಿಗೆ ಇಬ್ಬರು ಟ್ಯೂಟರ್. ಒಬ್ಬರು ಭಾಷೆ ನೋಡಬೇಕು, ಇನ್ನೊಬ್ಬರು ವಾದ ಮತ್ತು ಆಧಾರಗಳನ್ನು ನೋಡಬೇಕು. ಇಬ್ಬರೂ ಓಕೆ ಒತ್ತಿದರೆ ಮಾತ್ರ ಪೇಪರ್ ಜರ್ನಲ್‌ಗೆ ಹೋಗುತ್ತದೆ. ಒಬ್ಬರ ಓಕೆ ಬಾಕಿಯಿದ್ದರೂ ಮತ್ತೆ ಮುಂದಿನ ಶನಿವಾರ ಮೂವರೂ ಕೂರಬೇಕು.

ನೀಮಾ ತಾಂಜಾನಿಯದ ಹುಡುಗಿ. ಅವಳ ಅಮ್ಮ ಸಮುದ್ರದ ದಂಡೆಯ ಊರಿನಲ್ಲಿ ಮೀನು ಮಾರಿ ಮಗಳನ್ನು ಇಲ್ಲಿಯವರೆಗೆ ಓದಿಸಿದ್ದಳು. ಹಾಗಾಗಿ ನೀಮಾಳ ಪೇಪರ್ ಕೂಡ ಮೀನು ಮಾರುವ ಹೆಂಗಸರ ಮೇಲೆಯೇ. ಮುಂಬೈಯ ಕೋಳಿ ಅನ್ನುವ ಮೀನುಗಾರ ಜಾತಿಯ ಹೆಂಗಸರು ಗಿರಾಕಿಯ ಮುಖ ನೋಡಿ ಬೆಲೆ ಹೇಳುವುದು ಹೇಗೆ ಅಂತ. ಅದು ಒಳ್ಳೆಯ ಜರ್ನಲ್‌ಗೆ ಹೋದರೆ ಊರಿನ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಸೀಟು ಕೇಳಬಹುದು. ಇಲ್ಲದಿದ್ದರೆ ಇಲ್ಲ.

ಶನಿವಾರ ಹೋದೆ. ಜಗಳಕ್ಕೆ ಹೋಗುವವಳು ಇಸ್ತ್ರಿ ಮಾಡಿದ ಕುರ್ತಾ ಯಾಕೆ ಹಾಕಿಕೊಂಡೆನೋ ನನಗೇ ಗೊತ್ತಿಲ್ಲ.

ಕಿಟಕಿಯ ಪಕ್ಕ ಒಬ್ಬ ಎತ್ತರದ ಮನುಷ್ಯ ಟೈಪ್ ಮಾಡುತ್ತ ಕೂತಿದ್ದ. ಕೈಗಳೆರಡೂ ಕೀಬೋರ್ಡಿನ ಮೇಲೆ. ಮೂಗಿನ ತುದಿಗೆ ಜಾರಿದ ಕನ್ನಡಕವನ್ನು ಹೆಗಲಿನಿಂದ ಮೇಲೆ ತಳ್ಳಿಕೊಳ್ಳುತ್ತಿದ್ದ. ಇಂಗ್ಲಿಷಿನಲ್ಲಿ ನಾನು ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಕೇಳಿದ, ತಲೆಯಾಡಿಸಿದ, ಮತ್ತೆ ಟೈಪ್ ಮಾಡತೊಡಗಿದ.

“ಭಾಳ ಶಾಣ್ಯಾ ಬಂದಾನ ಇವ” ಅಂತ ನನ್ನಷ್ಟಕ್ಕೆ ನಾನೇ ಗೊಣಗಿದೆ.

“ಶಾಣ್ಯಾ ಅಂತ ಅಲ್ಲ ಮಾರಾಯ್ರೆ. ಸಂಶಯ ಬಂತು, ಕೇಳಿದೆ.”

ನನ್ನ ಕಿವಿ ಬಿಸಿಯಾಯಿತು. ಅವನು ಈಗ ಮೊದಲ ಬಾರಿಗೆ ತಲೆಯೆತ್ತಿ ಸರಿಯಾಗಿ ನನ್ನ ಮುಖ ನೋಡಿದ. ನಗು ಬಾಯಿಗೆ ಬಂದಿರಲಿಲ್ಲ, ಕಣ್ಣಿನಲ್ಲೇ ನಿಂತಿತ್ತು.

“ಉಡುಪಿ ಕಡೆಯವರಾ ನೀವು?”

“ಅಪ್ಪನ ಊರು ಅದು. ನಾನು ಹುಟ್ಟಿದ್ದು, ಬೆಳೆದದ್ದು ವಡಾಲ. ಕೂತ್ಕೊಳ್ಳಿ. ಬೈಯುವುದಿದ್ರೆ ಕೂತು ಬೈಯಿರಿ, ಕಾಲು ನೋಯ್ತದೆ.”

ಕೂತೆ. ಅವನು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. ನೀಮಾ ಮೊದಲು ಬರೆದ ವಾಕ್ಯ ಹೀಗಿತ್ತು: ‘ಅವರು ಮೊದಲು ಹೇಳುವುದು ಬೆಲೆಯಲ್ಲ, ಬಾ ಮಾತಾಡೋಣ ಅನ್ನುವ ಕರೆ.’ ನಾನು ಅದನ್ನು ಜರ್ನಲ್‌ಗೆ ತಕ್ಕ ಹಾಗೆ ಗಂಭೀರ ಮಾಡಿ, ಮೂರು ದೊಡ್ಡ ಶಬ್ದ ಸೇರಿಸಿ, ನಯ ಮಾಡಿದ್ದೆ.

“ನಿಮ್ಮದು ಚಂದ ಉಂಟು,” ಅವನು ಮೆತ್ತಗೆ ಹೇಳಿದ. “ಆದ್ರೆ ಅದು ನಿಮ್ಮದು.”

ಅವನು ಹೇಳಿದ್ದು ಸರಿಯಿತ್ತು. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಆ ದಿನ ಓಕೆ ಒತ್ತಲಿಲ್ಲ.

ಹೊರಡುವಾಗ ಇಬ್ಬರೂ ಒಂದೇ ಗಾಡಿಗೆ ಬಂದೆವು. ನಾನು ಲೇಡೀಸ್ ಡಬ್ಬಾ, ಅವನು ಪಕ್ಕದ ಜನರಲ್. ಎರಡರ ನಡುವೆ ಒಂದು ಕಬ್ಬಿಣದ ಜಾಲರಿ. ನಾನು ಈಚೆ ಒರಗಿ ನಿಂತೆ, ಅವನು ಆಚೆ ಬಂದು ನಿಂತ.

“ಆ ಮೂರು ಶಬ್ದದಾಗ ಏನ್ ತಪ್ಪೈತಿ, ಹೇಳ್ರಿ?”

“ನೀಮಾಳ ಅಮ್ಮ ಓದಿದ್ರೆ ಅರ್ಥ ಆಗ್ಬೇಕಲ್ಲ?”

“ಅವರ ಅಮ್ಮ ಜರ್ನಲ್ ಓದ್ತಾರೇನ್ರಿ?”

“ಮಗಳು ಬರೆದದ್ದನ್ನು ಓದದೆ ಇರ್ತಾರಾ?”

ಘಾಟ್‌ಕೋಪರ್ ಬಂತು. ನಾನು ಇಳಿಯಬೇಕಾದ ಸ್ಟೇಷನ್ ಅದೇ. ಅಲ್ಲಿಂದ ಮೆಟ್ರೋ ಹಿಡಿದರೆ ಅಂಧೇರಿ, ಅಲ್ಲಿಂದ ಕಾಂದಿವಲಿ. ಇಳಿಯಲಿಲ್ಲ. “ನಾ ದಾದರ್‌ಗೆ ಹೋಗಿ ಗಾಡಿ ಬದಲಿಸ್ತೀನಿ” ಅಂದೆ. ಅವನು ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನ್ ಹಿಡಿಯುವವನು. ಅಲ್ಲಿಯವರೆಗೆ ಜಗಳಾಡಿದೆವು. ಅವನು ಇಳಿದ ಮೇಲೆ ಗಾಡಿ ಖಾಲಿ ಅನ್ನಿಸಿತು. ಖಾಲಿಯೇನು ಬಂತು, ಕಾಲಿಡಲು ಜಾಗವಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ತಳಮಳ. ಒಂದು ಕಡೆ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಬಾಲ್ಕನಿಯಿಂದ ಅಡುಗೆಮನೆ, ಅಡುಗೆಮನೆಯಿಂದ ಬಾಲ್ಕನಿ. ಫೋನು ಟಿಂಗ್ ಅಂದರೆ ಎದೆ ಧಸಕ್ ಅನ್ನುವುದು. ನೋಡಿದರೆ ಗ್ಯಾಸ್ ಬುಕಿಂಗ್ ಮೆಸೇಜು.

“ಕಾಲಾಗ ಗಾಲಿ ಕಟ್ಟಿಕೊಂಡೀ ಏನು? ಒಂದ ಕಡೆ ಕುಂಡ್ರು” ಅಂತ ಅವ್ವ ರೇಗುತ್ತಿದ್ದಳು.

ಪ್ರತಿ ಶನಿವಾರ ವಾಪಸ್ ಹೋಗುವಾಗ ಜಾಲರಿಯ ಆಚೀಚೆ ನಿಂತು ಜಗಳ, ನನಗೆ ಪ್ರತಿ ಸಲವೂ ದಾದರ್ ದಾರಿ. ಪೇಪರಿನ ಅಂಚು ನಮ್ಮಿಬ್ಬರ ಕಮೆಂಟುಗಳಿಂದ ತುಂಬಿತು. ನಾನು ನೀಮಾಳ ವಾಕ್ಯ ತೆಗೆದರೆ ಅವನು ಮತ್ತೆ ಸೇರಿಸುವನು. ಅವನು ಆಧಾರಗಳ ಪಟ್ಟಿಗೆ ಓಕೆ ಅಂದ ವಾರ ನಾನು ಅಬ್‌ಸ್ಟ್ರಾಕ್ಟ್ ಉದ್ದವಾಯಿತು ಅನ್ನುವೆ. ನಾನು ಓಕೆ ಅನ್ನುವ ಲಕ್ಷಣ ಕಂಡ ವಾರ ಅವನು ಪುಟಸಂಖ್ಯೆ ಮತ್ತೊಮ್ಮೆ ನೋಡಬೇಕು ಅನ್ನುವನು. ನೀಮಾ ನಡುವೆ ಕೂತು ಒಮ್ಮೆ ನನ್ನ ಮುಖ, ಒಮ್ಮೆ ಅವನ ಮುಖ ನೋಡುತ್ತಿದ್ದಳು.

ಒಮ್ಮೆ ನಾನು ‘ಗಿರಾಕಿ ಮೀನನ್ನು ಮುಟ್ಟುವ ಕ್ರಮ’ ಅನ್ನುವ ಭಾಗ ಸ್ಪಷ್ಟವಿಲ್ಲ ಅಂದೆ.

“ಸ್ಪಷ್ಟವೇ ಉಂಟು. ನೀವು ಜನ್ಮದಲ್ಲಿ ಮೀನು ಮುಟ್ಟಿಲ್ಲ, ಅಷ್ಟೇ.”

“ನಮ್ಮ ಮನ್ಯಾಗ ತತ್ತಿ ಸೈತ ಹೊಸ್ತಿಲ ದಾಟಿಲ್ರೀ!”

“ಹಾಗಾದ್ರೆ ಭಾನುವಾರ ಬೆಳಿಗ್ಗೆ ಬನ್ನಿ ಮಾರ್ಕೆಟ್‌ಗೆ. ನೋಡದೆ ಓಕೆ ಕೊಡುವುದು ಹೇಗೆ?”

ಹೋದೆ. ನೀಮಾ ಪೆನ್ನು ಹಿಡಿದು ಮುಂದೆ ಮುಂದೆ, ನಾನು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಹಿಂದೆ ಹಿಂದೆ. ಅಕ್ಷಯ ಒಂದು ಬಂಗುಡೆ ಮೀನು ಎತ್ತಿ ಕಿವಿರು ಬಿಡಿಸಿ ತೋರಿಸಿದ. “ಕೆಂಪು ಇದ್ರೆ ತಾಜಾ. ಹೀಗೆ ಒತ್ತಿ ನೋಡಿ, ಕಚ್ಚುವುದಿಲ್ಲ.” ನಾನು ಒಂದು ಬೆರಳು ಮುಂದೆ ಮಾಡಿದೆ, ಹಿಂದೆ ತೆಗೆದೆ. ಅವನು ಆ ಬೆರಳನ್ನೇ ನೋಡುತ್ತ ನಕ್ಕ.

ಬುಟ್ಟಿಯ ಹಿಂದೆ ಕೂತಿದ್ದ ಕೋಳಿ ಹೆಂಗಸು ನನ್ನನ್ನು ಕಂಡು ಅವನನ್ನು ಮರಾಠಿಯಲ್ಲಿ ಕೇಳಿದಳು, “ಬಾಯ್ಕೋಲಾ ಆವಡತ್ ನಾಹೀ ಕಾ?” ಹೆಂಡತಿಗೆ ಸೇರುವುದಿಲ್ಲವೇ ಅಂತ.

ಹೆಂಡತಿಯಲ್ಲ ಅನ್ನಬೇಕಿತ್ತು ಅವನು. ಅನ್ನಲಿಲ್ಲ. “ನಾಹೀ ಆವಡತ್” ಅಂದುಬಿಟ್ಟ, ಸೇರುವುದಿಲ್ಲ ಅಂತ. ಅವಳು ಅಯ್ಯೋ ಪಾಪ ಅನ್ನುವ ಹಾಗೆ ಅವನನ್ನು ನೋಡಿ ಬೆಲೆ ಇಳಿಸಿದಳು. ನೀಮಾ ಅದನ್ನೂ ಬರೆದುಕೊಂಡಳು.

ನಾನು ಮೂಗಿನಿಂದ ದುಪಟ್ಟಾ ತೆಗೆದಿದ್ದೆ. ಯಾವಾಗ ತೆಗೆದೆನೋ ತಿಳಿಯಲಿಲ್ಲ. ಅವನು ನನ್ನ ಕಡೆ ತಿರುಗಿ, “ಸುಮ್ನೆ... ಬೆಲೆ ಕಮ್ಮಿ ಆಗ್ತದೆ ಅಂತ” ಅಂದ. ಕುತ್ತಿಗೆಯಿಂದ ಮೇಲೆ ಪೂರಾ ಕೆಂಪಾಗಿದ್ದ. ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ತಡೆದು ಮೂಸಿ ನೋಡಿ, ಸ್ನಾನ ಮಾಡದೆ ಒಳಗೆ ಕಾಲಿಡಬೇಡ ಅಂದಳು. ಬಚ್ಚಲಿನಲ್ಲಿ ನೀರು ಸುರಿದುಕೊಳ್ಳುತ್ತ ನಾನು ಒಬ್ಬಳೇ ನಗುತ್ತಿದ್ದೆ. ಆಮೇಲೆ ನಗು ನಿಂತಿತು. ಅಪ್ಪ, ಅವ್ವ ಇಬ್ಬರೂ ಮೀನಿನ ವಾಸನೆಗೇ ಬಾಗಿಲು ತೆಗೆಯದ ಮನೆ ಇದು. ಇವನಿಗೆ ತೆಗೆದೀತೇ?

ಮುಂದಿನ ಶನಿವಾರ ಮೇಡಂ ಸಲೀಸಾಗಿ ಒಂದು ಮಾತು ಹೇಳಿ ಹೋದರು. ನೀಮಾಳ ಪೇಪರ್ ಮುಗಿದ ಕೂಡಲೇ ಅಕ್ಷಯ ಆನ್‌ಲೈನ್ ಬ್ಯಾಚಿಗೆ ಹೋಗುತ್ತಾರೆ. ಮನೆಯಿಂದಲೇ ಕೆಲಸ. ಶನಿವಾರ ಬರಬೇಕಾಗಿಲ್ಲ.

ನಾನು ಅವನ ಮುಖ ನೋಡಿದೆ. ಅವನು ಲ್ಯಾಪ್‌ಟಾಪ್ ನೋಡುತ್ತಿದ್ದ. ಆ ದಿನ ಪೇಪರಿನಲ್ಲಿ ನಿಜವಾಗಿ ಒಂದೂ ತಪ್ಪಿರಲಿಲ್ಲ. ನಾನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿ, ಕೊನೆಗೆ “ಮುಕ್ತಾಯ ಸ್ವಲ್ಪ ಅವಸರದ್ದಾಯ್ತು” ಅಂದೆ. ಅಕ್ಷಯ ಗಂಭೀರವಾಗಿ, “ಹೌದು, ನನಗೂ ಹಾಗೇ ಕಾಣ್ತದೆ” ಅಂದ. ಅವನು ನನ್ನ ಮಾತಿಗೆ ಹೂಂ ಅಂದದ್ದು ಅದೇ ಮೊದಲು. ಅದಕ್ಕಿಂತ ದೊಡ್ಡ ಸುಳಿವು ಬೇಕಿತ್ತೇ ನನಗೆ? ಆದರೆ ಪ್ರೀತಿಯಲ್ಲಿ ಬಿದ್ದವರಿಗೆ ಇದ್ದ ಬುದ್ಧಿಯೂ ಇರುವುದಿಲ್ಲ.

ಮತ್ತಿನ ಶನಿವಾರ ನೀಮಾ ತಡವಾಗಿ ಬಂದಳು. ಯಾವಾಗಲೂ ಬಾಗಿಲಲ್ಲೇ ನಮಸ್ತೆ ಹೇಳುವವಳು ಅವತ್ತು ಹೇಳಲಿಲ್ಲ. ಬ್ಯಾಗು ಕೆಳಗಿಟ್ಟು, ಲ್ಯಾಪ್‌ಟಾಪ್ ತೆರೆದು, ಎರಡು ಡ್ರಾಫ್ಟ್‌ಗಳನ್ನು ಅಕ್ಕಪಕ್ಕ ಇಟ್ಟಳು.

“ಇದು ನಾನು ಎರಡು ತಿಂಗಳ ಹಿಂದೆ ತಂದದ್ದು. ಇದು ಇವತ್ತಿನದು. ಓದಿ. ಇಬ್ಬರೂ ಓದಿ.”

ಓದಿದೆವು. ಅಲ್ಪವಿರಾಮಗಳು ಹೋಗಿದ್ದವು, ಬಂದಿದ್ದವು. ಒಂದು ಪ್ಯಾರಾ ಕೆಳಗೆ ಹೋಗಿ ಮತ್ತೆ ಮೇಲೆ ಬಂದಿತ್ತು. ಹಳೆಯದೇ ಚೆನ್ನಾಗಿತ್ತು.

“ಮೊನ್ನೆ ಒಂದು ಜರ್ನಲ್‌ನ ಕೊನೆಯ ದಿನ ಹೋಯಿತು” ಅಂದಳು ನೀಮಾ. ಅವಳು ನಮ್ಮ ಜೊತೆ ಇಂಗ್ಲಿಷಿನಲ್ಲಿ ಮಾತಾಡುವವಳು, ದನಿ ಎಂದೂ ಏರಿದ್ದಿಲ್ಲ. “ನಾನು ನಿಮಗೆ ಹೇಳಿದ್ದೆ. ನೀವು ಮುಕ್ತಾಯ ಅವಸರದ್ದು ಅಂದಿರಿ. ಇನ್ನೊಂದು ಜರ್ನಲ್ ಇದೆ, ಅದಕ್ಕೆ ಇವತ್ತು ಕೊನೆ. ಅಮ್ಮ ದಿನಾ ಫೋನಿನಲ್ಲಿ ಕೇಳುತ್ತಾಳೆ, ಕಳಿಸಿದೆಯಾ ಅಂತ. ನನ್ನ ಟೀಚರುಗಳು ಒಬ್ಬರನ್ನೊಬ್ಬರು ನೋಡುವುದರಲ್ಲಿ ಬಿಜಿ ಇದ್ದಾರೆ ಅಂತ ಹೇಳಲಾ?” ಆಮೇಲೆ ಇನ್ನು ಸಾಕುಮಾಡಿ ಅಂತ ಹಿಂದಿಗೆ ಹೊರಳಿದಳು. “ಬಸ್. ಅಬ್ ಬಸ್ ಕರೋ.”

ಅವಳ ಕಣ್ಣು ತುಂಬಿತ್ತು. ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಅಷ್ಟು ದೂರದಿಂದ ಬಂದ ಹುಡುಗಿಯ ಹೊಟ್ಟೆಯ ಮೇಲೆ ನಾವಿಬ್ಬರು ಸರಸ ಆಡಿದ್ದೆವು. ಬಾಯಿಬಿಟ್ಟು ಒಂದು ಮಾತು ಹೇಳುವ ಧೈರ್ಯವಿಲ್ಲದೆ ಅವಳ ಪೇಪರ್ ಹಿಡಿದು ನೇತಾಡಿದ್ದೆವು.

“ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ...” ಅಕ್ಷಯ ಕನ್ನಡದಲ್ಲಿ ತನ್ನಷ್ಟಕ್ಕೆ ಶುರುಮಾಡಿದವನು ಅರ್ಧಕ್ಕೇ ನಿಂತ.

“ಏನಂದಿರಿ? ಏನು ಅದರ ಅರ್ಥ?” ನೀಮಾ ಕೇಳಿದಳು.

ನಾನು ಲ್ಯಾಪ್‌ಟಾಪ್ ಎಳೆದುಕೊಂಡು ಹಳೆಯ ಡ್ರಾಫ್ಟ್ ತೆರೆದೆ. ಬೆಲೆಯಲ್ಲ, ಕರೆ ಅನ್ನುವ ವಾಕ್ಯ ನೀಮಾ ಬರೆದ ಹಾಗೆಯೇ ಇತ್ತು. ಮುಟ್ಟಲಿಲ್ಲ. ಓಕೆ ಒತ್ತಿದೆ. ಅಕ್ಷಯ ಇನ್ನೊಂದು ಓಕೆ ಒತ್ತಿದ. ನೀಮಾ ಅಲ್ಲೇ ಕೂತು ಪೇಪರ್ ಕಳಿಸಿ, ‘ತಲುಪಿತು’ ಅನ್ನುವ ಮೇಲ್ ಬರುವವರೆಗೂ ಉಸಿರು ಹಿಡಿದಿದ್ದಳು. ಬಂದ ಮೇಲೆ ನನ್ನನ್ನು ಅಪ್ಪಿಕೊಂಡಳು.

“ಸಾರಿ ನೀಮಾ” ಅಂದೆ.

“ಸಾರಿ ಬೇಡ. ಹೋಗಿ ಮಾತಾಡಿ” ಅಂದಳು.

ಸ್ಟೇಷನ್‌ವರೆಗೆ ಇಬ್ಬರೂ ನಡೆದೆವು. ಜಗಳಕ್ಕೂ ವಿಷಯ ಉಳಿದಿರಲಿಲ್ಲ. ನೂರು ಸಲ ಬಾಯಿಗೆ ಬಂತು, ನೂರು ಸಲ ನುಂಗಿದೆ. ಅವನು ಒಂದು ಸಲ “ವಂದನಾ...” ಅಂದ. ಅಷ್ಟರಲ್ಲಿ ಗಾಡಿ ಬಂತು. ಅವನು ತನ್ನ ಡಬ್ಬಾಕ್ಕೆ ಹೋದ, ನಾನು ನನ್ನ ಡಬ್ಬಾಕ್ಕೆ.

ಇವತ್ತು ಜಾಲರಿಯ ಹತ್ತಿರ ಹೋಗಲಿಲ್ಲ. ಬಾಗಿಲ ಬಳಿ ನಿಂತೆ. ಸಾಕು, ಮುಗಿಯಿತು. ಇನ್ನು ದಾದರ್ ಸುತ್ತುವ ನಾಟಕ ಯಾರಿಗಾಗಿ? ಘಾಟ್‌ಕೋಪರ್ ಬಂತು. ಇಳಿದೆ. ಜನ ತಳ್ಳಿದತ್ತ ಹೋದೆ. ಬೆನ್ನ ಹಿಂದೆ ಗಾಡಿ ಹೊರಟ ಸದ್ದು ಕೇಳಿತು. ಕಂಬವೊಂದನ್ನು ಹಿಡಿದು ನಿಂತುಬಿಟ್ಟೆ.

“ಇವತ್ತು ದಾದರ್ ಇಲ್ವಾ?”

ತಿರುಗಿದೆ. ಅಕ್ಷಯ. ಕನ್ನಡಕ ಮೂಗಿನ ತುದಿಯಲ್ಲಿ, ಬ್ಯಾಗು ಒಂದೇ ಹೆಗಲಿಗೆ ಜೋತುಬಿದ್ದಿತ್ತು. ಹಾರಿ ಇಳಿದಿದ್ದ, ಏದುಸಿರು ಬಿಡುತ್ತಿದ್ದ.

“ನನ್ನ ದಾರಿ ಇದ. ಮೊದಲಿಂದನೂ ಇದ!”

“ಗೊತ್ತುಂಟು. ಮೆಟ್ರೋ ಬಿಟ್ಟು ದಾದರ್ ಸುತ್ತಿ ಕಾಂದಿವಲಿಗೆ ಯಾರು ಹೋಗ್ತಾರೆ?”

“ಗೊತ್ತಿದ್ದೂ ಇಷ್ಟ ದಿನಾ ಬಾಯಿ ಮುಚ್ಕೊಂಡಿದ್ರಿ?”

“ಹೇಳಿದ್ರೆ ನೀವು ಇಳಿದು ಹೋಗ್ತಿದ್ರಿ.”

ಸಿಟ್ಟು ನೆತ್ತಿಗೇರಿತು. ಅಷ್ಟು ಜನರ ನಡುವೆ, ಅಷ್ಟು ಗದ್ದಲದಲ್ಲಿ, ನಾನು ಅವನ ಮೇಲೆ ಕೂಗಿದೆ.

“ಹೇಳೂದಿದ್ರ ಈಗ ಹೇಳ್ರಿ! ಈಗ ನಡುವ ಪೇಪರಿಲ್ಲ, ಓಕೆ ಇಲ್ಲ, ಏನೂ ಇಲ್ಲ. ಇಲ್ಲಾ, ನಾನ ಹೇಳ್ತೀನಿ. ನನಗ ನೀವು ಬೇಕು. ಶನಿವಾರಕ್ಕಷ್ಟ ಅಲ್ಲ. ಎಲ್ಲಾ ವಾರಕ್ಕೂ ಬೇಕು. ಆತು? ಹೇಳಿದೆ. ಈಗ ಏನ್ ತಿದ್ದತೀರಿ ತಿದ್ರಿ.”

ಅವನು ತಿದ್ದಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. ಕನ್ನಡಕವಿಲ್ಲದ ಆ ಕಣ್ಣುಗಳನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಒದ್ದೆಯಾಗಿದ್ದವು.

“ನಾನು ಹೆದರಿದೆ ಮಾರಾಯ್ತಿ,” ಅಂದ. “ನಿಮ್ಮ ಮನೆ, ನಮ್ಮ ಮನೆ, ಮೀನು... ಎಲ್ಲ ಲೆಕ್ಕ ಹಾಕಿ ಹಾಕಿ ಹೆದರಿದೆ. ಪ್ರೀತಿಸ್ತೇನೆ ನಿನ್ನನ್ನು. ಭಯಂಕರ ಪ್ರೀತಿಸ್ತೇನೆ.”

ನಗುವೂ ಅಳುವೂ ಒಟ್ಟಿಗೆ ಬಂತು. ಹಿಂದಿನಿಂದ ಯಾರೋ “ಅರೆ ಮ್ಯಾಡಂ, ಸೈಡ್ ಸೈಡ್” ಅಂತ ತಳ್ಳಿಕೊಂಡು ಹೋದರು. ಅಕ್ಷಯ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡ, ಆಮೇಲೆ ಬಿಡಲಿಲ್ಲ.

“ಮನೀಗೆ ನಡೀರಿ” ಅಂದೆ.

“ಯಾರ ಮನೆಗೆ?”

“ನಮ್ಮನೀಗೆ. ಈಗ.”

“ಈಗಲೇಯಾ? ಎಂತ ಹೇಳ್ತಾರೋ ಅಮ್ಮ?”

“ಇನ್ನೊಂದ ವಾರ ಬಿಟ್ರ ನಾ ಮತ್ತ ಹೆದರ್ತೀನಿ, ನೀವೂ ಹೆದರ್ತೀರಿ.”

ಫೋನ್ ಹಚ್ಚಿದೆ. ಮೊದಲ ರಿಂಗಿಗೇ ಅವ್ವ ಎತ್ತಿದಳು.

“ಅವ್ವಾ, ಒಬ್ಬರನ್ನ ಕರ್ಕೊಂಡ ಬರಾಕತ್ತೀನಿ.”

“ಯಾರನ್ನ?”

“ಅಕ್ಷಯ ಅಂತ. ಅವ್ವಾ, ಅವರು... ಅವರ ಮನ್ಯಾಗ ಮೀನ ತಿಂತಾರ.”

ತಲೆಯ ಮೇಲೆ ಮುಂದಿನ ಗಾಡಿಯ ಅನೌನ್ಸ್‌ಮೆಂಟ್ ಮೂರು ಭಾಷೆಯಲ್ಲಿ ಮುಗಿಯಿತು. ಅವ್ವ ಇನ್ನೂ ಮಾತಾಡಿರಲಿಲ್ಲ. ಅಕ್ಷಯ ನನ್ನ ಮುಖವನ್ನೇ ನೋಡುತ್ತಿದ್ದ.

“ಲಗ್ನ ಆಗೂದಾದ್ರ ಇವನ್ನನ ಏನು?” ಕೊನೆಗೆ ಅವ್ವ ಕೇಳಿದಳು.

“ಹೌದವ್ವಾ.”

“ನಿಮ್ಮಪ್ಪಗ ನಾ ಹೇಳೂದಿಲ್ಲ. ಎದುರಿಗೆ ಕುಂತು ನೀನ ಹೇಳಬೇಕು. ಅವರು ಕೂಗಾಡಿದ್ರ ಎದ್ದ ಹೋಗಬಾರ್ದು.”

“ಹೇಳ್ತೀನಿ. ಎದ್ದ ಹೋಗೂದಿಲ್ಲ.”

ಆ ಕಡೆ ಪಾತ್ರೆ ಸರಿಸಿದ ಸದ್ದು.

“ಇವತ್ತ ತಿಂದಾನೇನು, ಮೀನಾ?”

ಫೋನಿಗೆ ಅಂಗೈ ಮುಚ್ಚಿ ಅವನನ್ನು ಕೇಳಿದೆ. ಅವನು ಗಾಬರಿಯಿಂದ, “ಶನಿವಾರ ಅಲ್ವಾ ಇವತ್ತು? ನಮ್ಮಲ್ಲಿ ಶನಿವಾರ ಮೀನಿಲ್ಲ” ಅಂದ.

“ತಿಂದಿಲ್ಲಂತ, ಅವ್ವಾ.”

“ಹಂಗಾರ ಕರ್ಕೊಂಡ ಬಾ. ರೊಟ್ಟಿ ಬಡ್ಯಾಕ ಕುಂತೀನಿ. ಎಷ್ಟ ತಿಂತಾನ ಕೇಳು.”

ಕೇಳಿದೆ. ಅಕ್ಷಯ ಕನ್ನಡಕ ಹಾಕಿಕೊಂಡು, ಪರೀಕ್ಷೆಗೆ ಕೂತ ಹುಡುಗನ ಹಾಗೆ ನನ್ನ ಕಿವಿಯ ಹತ್ತಿರ ಬಗ್ಗಿ, “ಎಷ್ಟು ಹೇಳಿದ್ರೆ ಪಾಸು?” ಅಂದ.

“ನಾಕ ತಿಂತಾರಂತ ಅವ್ವಾ” ಅಂದೆ, ಮತ್ತು ಅವನ ಕೈ ಹಿಡಿದುಕೊಂಡು ಮೆಟ್ರೋದ ಮೆಟ್ಟಿಲು ಹತ್ತಿದೆ.